ನನ್ನ ಕಾಲುಗಳು ಲಾಲ್‌ಬಾಗಿಗೆ ಹೋಗುತ್ತಿದ್ದವು

ಮೊದಲು ತಿಳಿದದ್ದು ಬಚ್ಚಲಿನಲ್ಲಿ.

ಬೆಳಗಿನ ವಾಕಿಂಗ್ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಗೀಸರ್ ನೀರು. ಬಲಗಾಲಿಗೆ ಬಿಸಿ ತಾಗಿತು. ಎಡಗಾಲಿಗೆ ತಾಗಲಿಲ್ಲ. ಮಗ್ ತುಂಬಿಸಿ ಮತ್ತೆ ಸುರಿದೆ. ನೀರು ಪಾದದ ಮೇಲೆ ಹರಿದು, ಬೆರಳ ಸಂದಿಯಿಂದ ಇಳಿದುಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಬೇರೆ ಯಾರದೋ ಕಾಲಿಗೆ ನೀರು ಹಾಕುತ್ತಿದ್ದ ಹಾಗಿತ್ತು.

ಹಿಂದಿನ ವಾರ ವೈರಲ್ ಜ್ವರ ಬಂದು ಹೋಗಿತ್ತು. ಅದರ ನಿಶ್ಶಕ್ತಿ ಇರಬೇಕು ಅಂದುಕೊಂಡು ಕಾಲೇಜಿಗೆ ಹೊರಟೆ. ಜಯನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಬೋರ್ಡಿನ ಮುಂದೆ ನಿಂತು ಬರೆಯುತ್ತಿರುವಾಗ ಹೊಟ್ಟೆಯ ಸುತ್ತ ಯಾರೋ ಲಂಗದ ಲಾಡಿಯನ್ನು ಬಿಗಿಯಾಗಿ ಎಳೆದು ಕಟ್ಟಿದಂತಾಯಿತು. ಪಾಠ ಮುಗಿಸಿ ವಾಶ್‌ರೂಮಿಗೆ ಹೋಗಿ ಲಾಡಿ ಸಡಿಲ ಮಾಡಿಕೊಂಡೆ. ಬಿಗಿತ ಹೋಗಲಿಲ್ಲ. ಲಾಡಿ ಮೊದಲೇ ಸಡಿಲವಾಗಿತ್ತು.

ಸಂಜೆ ಮನೆಗೆ ಬಂದು ಮಂಚದ ಮೇಲೆ ಕೂತೆ. ಕಾಫಿ ಮಾಡೋಣವೆಂದು ಏಳಹೋದೆ.

ಏಳಲಿಲ್ಲ.

ಕಾಲಿಗೆ ಏಳು ಅಂತ ಹೇಳುವುದು ಹೇಗೆ ಎನ್ನುವುದೇ ಮರೆತುಹೋಗಿತ್ತು. ನೋವಿಲ್ಲ, ನಡುಕವಿಲ್ಲ. ಸುಮ್ಮನೆ ಎರಡು ಕಾಲುಗಳು ನೆಲದ ಮೇಲೆ ಇದ್ದವು, ಪಕ್ಕದ ಮನೆಯವರು ಬಿಟ್ಟುಹೋದ ಚಪ್ಪಲಿಗಳ ಹಾಗೆ. ನನ್ನ ಗಂಡ ಮುರಳಿ ಆಫೀಸಿನಿಂದ ಬರುವಷ್ಟರಲ್ಲಿ ನಾನು ಮಂಚದಿಂದ ಜಾರಿ ಕೆಳಗೆ ಬಿದ್ದಿದ್ದೆ. ಮೂತ್ರ ಕಟ್ಟಿಹೋಗಿ ಹೊಟ್ಟೆ ಊದಿಕೊಂಡಿತ್ತು. ಆಂಬುಲೆನ್ಸ್ ಬಂತು. ಯಡಿಯೂರು ಕೆರೆಯ ಹತ್ತಿರ ನಮ್ಮ ಅಪಾರ್ಟ್‌ಮೆಂಟು; ಸ್ಟ್ರೆಚರಿನಲ್ಲಿ ಹೊರಗೆ ತರುವಾಗ ವಾಚ್‌ಮನ್ ಗೇಟನ್ನು ಪೂರ್ತಿ ತೆರೆದು, ಟೋಪಿ ತೆಗೆದು ನಿಂತಿದ್ದ. ಅದೊಂದು ಚೆನ್ನಾಗಿ ನೆನಪಿದೆ.

ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ನ್ಯೂರಾಲಜಿಸ್ಟ್ ನಮ್ಮಿಬ್ಬರಿಗಿಂತ ಚಿಕ್ಕ ವಯಸ್ಸಿನವರು. ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ಸ್ಪೈನಲ್ ಕಾರ್ಡ್‌ನಲ್ಲಿ ಇನ್‌ಫ್ಲಮೇಶನ್ ಆಗಿದೆ ಮೇಡಂ. ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಂತೀವಿ. ಜ್ವರ ಬಂದು ಹೋದ್ಮೇಲೆ ಕೆಲವೊಮ್ಮೆ ಹೀಗಾಗುತ್ತೆ."

"ಕಾಲು ವಾಪಸ್ ಬರುತ್ತಾ?"

"ಕೆಲವರಿಗೆ ಪೂರ್ತಿ ಬರುತ್ತೆ. ಕೆಲವರಿಗೆ ಸ್ವಲ್ಪ. ಕೆಲವರಿಗೆ ಬರಲ್ಲ. ಟ್ರೀಟ್‌ಮೆಂಟ್ ಇವತ್ತೇ ಶುರು ಮಾಡ್ತೀವಿ. ಕಾಯ್ಬೇಕು."

ಸ್ಟೀರಾಯ್ಡ್ ಡ್ರಿಪ್ ಏರಿಸಿದರು. ಆಮೇಲೆ ರಕ್ತವನ್ನು ಹೊರಗೆ ತೆಗೆದು, ಪ್ಲಾಸ್ಮಾ ಬದಲಾಯಿಸಿ ಒಳಗೆ ಬಿಡುವ ಯಂತ್ರ. ಮೂತ್ರಕ್ಕೆ ಕ್ಯಾಥೆಟರ್ ನಳಿಗೆ. ಮಗ್ಗುಲು ಬದಲಿಸಲು ಇಬ್ಬರು ಬರಬೇಕು. ಮುರಳಿ ರಜೆ ಹಾಕಿ ವಾರ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿರುತ್ತಿದ್ದ. ನಾವಿಬ್ಬರೂ ಬಿಎಸ್‌ಸಿಯಲ್ಲಿ ಒಂದೇ ಕ್ಲಾಸಿನವರು, ಅಂದಿನಿಂದ ಏಕವಚನದಲ್ಲೇ ನಮ್ಮ ಮಾತು. ಅವನು ಆ ದಿನಗಳಲ್ಲಿ ಮಾತೇ ಆಡುತ್ತಿರಲಿಲ್ಲ. ನನ್ನ ತಲೆಗೂದಲು ಜಡೆಗಟ್ಟುತ್ತಿದೆಯೆಂದು ನರ್ಸ್ ಅದನ್ನು ಕಿವಿಯವರೆಗೆ ಕತ್ತರಿಸಿದಾಗಲೂ ಸುಮ್ಮನೆ ನೋಡುತ್ತಿದ್ದ.

ಹೀಗೆ ಮಲಗಿದ್ದಾಗ ಒಂದು ಬೆಳಗ್ಗೆ, ಕಿಟಕಿಯ ಗಾಜು ಇನ್ನೂ ಬೂದುಬಣ್ಣದಲ್ಲಿರುವಾಗ, ನನ್ನ ಕಾಲುಗಳು ನಡೆಯತೊಡಗಿದವು.

ಕನಸಲ್ಲ. ಎಚ್ಚರವಿದ್ದೆ. ಹಿಮ್ಮಡಿ ನೆಲಕ್ಕೆ ತಾಗುವುದು, ಪಾದ ಮಗುಚಿ ಬೆರಳು ಒತ್ತುವುದು, ಮೀನಖಂಡ ಬಿಗಿದು ಸಡಿಲವಾಗುವುದು, ಎಲ್ಲವೂ ಸ್ಪಷ್ಟವಾಗಿತ್ತು. ಮೊದಲು ಟಾರು. ಆಮೇಲೆ ಮಣ್ಣು. ಆಮೇಲೆ ಪಾದ ಓರೆಯಾಗಿ, ಮುಂಗಾಲಿನ ಮೇಲೆ ಭಾರ ಬಿದ್ದು, ಒರಟು ಕಲ್ಲು ಹತ್ತುವ ಅನುಭವ. ಆ ಕಲ್ಲು ಯಾವುದೆಂದು ನನಗೆ ತಕ್ಷಣ ಗೊತ್ತಾಯಿತು. ಎಷ್ಟೋ ವರ್ಷಗಳಿಂದ ದಿನಾ ಬೆಳಗ್ಗೆ ಹತ್ತಿದ ಬಂಡೆ ಅದು. ಲಾಲ್‌ಬಾಗಿನ ಬಂಡೆ.

"ಮುರಳಿ, ನಾನು ನಡೀತಿದೀನಿ."

ಅವನು ಧಡಕ್ಕನೆ ಎದ್ದು ಹೊದಿಕೆ ಸರಿಸಿದ. ಕಾಲುಗಳು ಜೋಡಿಸಿಟ್ಟ ಹಾಗೆ ಮಲಗಿದ್ದವು. ಒಂದು ಬೆರಳೂ ಅಲುಗುತ್ತಿರಲಿಲ್ಲ.

"ಈಗ ಬಂಡೆ ಹತ್ತುತ್ತಾ ಇದೀನಿ," ಅಂದೆ.

ಅವನು ನನ್ನ ಮುಖ ನೋಡಿದ. ಕಾಲು ನೋಡಿದ. ಹೊದಿಕೆಯನ್ನು ನಿಧಾನವಾಗಿ ಮತ್ತೆ ಹೊದಿಸಿದ.

ಡಾಕ್ಟರಿಗೆ ಹೇಳಿದೆವು. ಅವರು ನಗಲಿಲ್ಲ. "ಮೆದುಳಿಗೆ ಕಾಲಿಂದ ಸುದ್ದಿ ಬರ್ತಿಲ್ಲ ಮೇಡಂ. ಬರದೇ ಇದ್ದಾಗ ಹಳೇ ನೆನಪಿಂದ ಅದು ತಾನೇ ಸುದ್ದಿ ಕಟ್ಟುತ್ತೆ. ಕೈಕಾಲು ಕಳ್ಕೊಂಡವರಿಗೆ ಇದೆಲ್ಲ ಇದ್ದದ್ದೇ. ಆದ್ರೆ ಕಾಲು ಸುಧಾರಿಸ್ತಿದೆ ಅನ್ನೋದಕ್ಕೆ ಇದು ಗುರುತಲ್ಲ. ಅಷ್ಟು ನೆನಪಿಟ್ಕೊಳ್ಳಿ."

ನೆನಪಿಟ್ಟುಕೊಂಡೆ. ನಂಬಲಿಲ್ಲ. ವಿಜ್ಞಾನ ಓದಿದವಳು, ವಿಜ್ಞಾನ ಪಾಠ ಮಾಡುವವಳು. ಆದರೆ ದಿನಾ ಬೆಳಗ್ಗೆ ಅಂಗಾಲಿನ ಕೆಳಗೆ ಕಲ್ಲಿನ ತಣ್ಣನೆಯ ಒರಟು ಸಿಗುತ್ತಿರುವಾಗ ಡಾಕ್ಟರ ಮಾತು ಕೇವಲ ಮಾತಾಗಿ ಉಳಿಯುತ್ತದೆ. ಕಾಲುಗಳು ಎಲ್ಲೋ ಇವೆ, ನಡೆಯುತ್ತಿವೆ, ನನ್ನ ಬಳಿ ಇರುವುದು ಅವುಗಳ ಹೊರಗಿನ ಚೀಲ ಮಾತ್ರ ಎಂದು ಅನಿಸತೊಡಗಿತು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕಾಲುಗಳು ಹೊರಡುತ್ತಿದ್ದವು. ಬೂರುಗದ ದೊಡ್ಡ ಮರದ ಹತ್ತಿರ ಬೇರುಗಳಿರುವ ಕಡೆ ಹೆಜ್ಜೆ ಸ್ವಲ್ಪ ಎತ್ತಿಡುತ್ತಿದ್ದವು. ಬಂಡೆಯ ತುದಿಯ ಗೋಪುರದ ಬಳಿ ನಿಂತು, ಆಮೇಲೆ ಇಳಿಯುತ್ತಿದ್ದವು. ಅವು ವಾಪಸಾದ ಮೇಲೆ ನನಗೆ ನಿಜವಾಗಿಯೂ ಆಯಾಸವಾಗುತ್ತಿತ್ತು.

ಮುರಳಿ ಆಮೇಲೆ ಬಂದು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಕಾಲು ಒರೆಸುತ್ತಿದ್ದ. ಒರೆಸುವ ಮೊದಲು ಪಾದಗಳನ್ನು ಎತ್ತಿ ಅಂಗಾಲನ್ನು ಒಮ್ಮೆ ನೋಡುತ್ತಿದ್ದ. ಹುಣ್ಣಾಗಿದೆಯಾ ಎಂದು ನೋಡುವುದಕ್ಕೆ ಎನ್ನುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟೆ.

"ಮಣ್ಣು ಇದೆಯಾ?"

ಅವನು ಕಾಲು ಒರೆಸಿ, ಬಟ್ಟೆಯನ್ನೂ ತಿರುಗಿಸಿ ನೋಡಿ, ಹಿಂಡಿ ಒಣಹಾಕಿದ.

ಮನೆಗೆ ವೀಲ್‌ಚೇರ್ ಬಂದಿತ್ತು. ಅದನ್ನು ಮಡಚಿ ಬಾಗಿಲ ಹಿಂದೆ ಇಡಿಸಿದೆ. ಫಿಸಿಯೋಥೆರಪಿಗೆ ಬರುತ್ತಿದ್ದವಳು ಸಂಗೀತಾ, ಗದಗಿನ ಹುಡುಗಿ, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾಳೆ. ಬಂದಾಗಲೆಲ್ಲ ಕುರ್ಚಿಯನ್ನು ಬಾಗಿಲ ಹಿಂದಿನಿಂದ ಎಳೆದು ತಂದು ಮಂಚದ ಪಕ್ಕ ನಿಲ್ಲಿಸುತ್ತಿದ್ದಳು.

"ಇವತ್ತರ ಕುಂದರ್ರಿ ಮೇಡಂ. ಮಂಚದಿಂದ ಕುರ್ಚಿಗೆ ಹ್ಯಾಂಗ ಸರಿಬೇಕು ಅನ್ನೂದು ಕಲಿಸ್ತೀನಿ. ಕೈಯಾಗ ಶಕ್ತಿ ಭಾಳ ಐತಿ ನಿಮಗ."

"ಬೇಡ ಸಂಗೀತಾ. ಕಾಲಿಗೇ ಎಕ್ಸರ್‌ಸೈಜ್ ಮಾಡಿಸಿ."

"ಕಾಲಿಂದೂ ಮಾಡ್ಸೂಣು. ಆದ್ರ ಕುರ್ಚಿ ನಿಮ್ಮನ್ನೇನ್ ತಿಂತೈತೇನ್ರಿ?"

ನನ್ನ ಹೆದರಿಕೆ ಅದಕ್ಕಿಂತ ವಿಚಿತ್ರವಾಗಿತ್ತು. ಕುರ್ಚಿಯಲ್ಲಿ ಕೂರಲು ಕಲಿತುಬಿಟ್ಟರೆ ಕಾಲುಗಳಿಗೆ ಗೊತ್ತಾಗಿಬಿಡುತ್ತದೆ, ಇವಳಿಗೆ ನಾವು ಬೇಕಿಲ್ಲ ಎಂದು ಅವು ಬರುವುದನ್ನೇ ಬಿಟ್ಟುಬಿಡುತ್ತವೆ ಎಂದು. ಇದನ್ನು ಯಾರಿಗೆ ಹೇಳುವುದು? ಕಾಲೇಜಿನಿಂದ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. ಕೆಳಗಿನ ಮಹಡಿಯಲ್ಲೇ ಕ್ಲಾಸ್ ಹಾಕಿಸುತ್ತೇವೆ, ಮುಂದಿನ ಟರ್ಮಿಗೆ ಬರುತ್ತೀರಾ ಎಂದರು. ನಡೆಯುವಂತಾದ ಮೇಲೆ ಬರುತ್ತೇನೆ ಎಂದೆ. ಪಕ್ಕದಲ್ಲಿದ್ದ ಮುರಳಿ ಎದ್ದು ಬಾಲ್ಕನಿಗೆ ಹೋದ.

ತಿಂಗಳುಗಳು ಕಳೆದವು. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಊದಿ ಗುಂಡಗಾಯಿತು. ಕನ್ನಡಿಯಲ್ಲಿ ನೋಡಿದರೆ ಯಾರೋ ದೂರದ ಸಂಬಂಧಿಕರು ಕಂಡ ಹಾಗಾಗುತ್ತಿತ್ತು. ಚಳಿಗಾಲ ಬಂತು. ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಕಾಲುಗಳು ಹೋಗುವ ಹೊತ್ತಿಗೆ ನಾನೂ ಅಲ್ಲಿಗೆ ಹೋದರೆ? ದೇಹವೂ ಕಾಲೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಇದ್ದರೆ ಅವು ಕೂಡಿಕೊಳ್ಳಬಹುದಲ್ಲವೇ? ಈಗ ಬರೆಯುವಾಗ ಇದು ಹುಚ್ಚು ಅನಿಸುತ್ತದೆ. ಆಗ ಅದಕ್ಕಿಂತ ಸರಳವಾದ ಮಾತು ಇನ್ನೊಂದಿಲ್ಲ ಅನಿಸಿತ್ತು.

"ಲಾಲ್‌ಬಾಗಿಗೆ ಕರ್ಕೊಂಡು ಹೋಗು ಮುರಳಿ," ಅಂದೆ. "ಕುರ್ಚಿಯಲ್ಲೇ ಬರ್ತೀನಿ. ಸ್ವಲ್ಪ ಗಾಳಿ ಬೇಕು."

ಅವನಿಗೆ ಆದ ಸಂತೋಷ ನೋಡಿ ನನಗೆ ಸಂಕಟವಾಯಿತು. ಅವತ್ತೇ ಸಂಗೀತಾಗೆ ಫೋನ್ ಮಾಡಿ, ಕಾರಿನೊಳಗೆ ಹೇಗೆ ಕೂರಿಸುವುದು, ಇಳಿಸುವುದು ಎಲ್ಲ ಕೇಳಿಕೊಂಡ. ಬೆಳಗ್ಗೆ ಬೇಗ ಎದ್ದು ಹಾಡು ಗುನುಗುತ್ತ ಫ್ಲಾಸ್ಕಿಗೆ ಕಾಫಿ ತುಂಬಿದ.

ದಟ್ಟ ಮಂಜಿತ್ತು. ಸೌತ್ ಎಂಡ್ ಸರ್ಕಲಿನ ದೀಪಗಳು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿದ್ದವು. ಗೇಟಿನ ಒಳಗೆ ಕಾರು ನಿಲ್ಲಿಸಿ, ಮುರಳಿ ನನ್ನನ್ನು ಎತ್ತಿ ಕುರ್ಚಿಗೆ ಹಾಕಿದ. ಕಾಲುಗಳನ್ನು ಒಂದೊಂದಾಗಿ ಫುಟ್‌ರೆಸ್ಟಿನ ಮೇಲಿಟ್ಟ. ಶಾಲು ಹೊದಿಸಿದ. ತಳ್ಳತೊಡಗಿದ.

ಕುರ್ಚಿಯಲ್ಲಿ ಕೂತವರಿಗೆ ಅದು ಬೇರೆಯೇ ಲಾಲ್‌ಬಾಗು. ಇಷ್ಟು ವರ್ಷ ಸಮತಟ್ಟೆಂದು ನಾನು ನಡೆದ ದಾರಿಯಲ್ಲಿ ಏರಿತ್ತು, ಇಳುಕಲಿತ್ತು, ಒಂದು ಕಡೆಗೆ ವಾಲುವ ಓರೆಯಿತ್ತು. ಮರಗಳು ಎತ್ತರವಾಗಿದ್ದವು. ಮನುಷ್ಯರಿಗೆ ಮುಖವಿರಲಿಲ್ಲ, ಸೊಂಟವಿತ್ತು. ಮಂಜಿನೊಳಗಿಂದ ಶೂಗಳ ಸದ್ದು ಮೊದಲು ಬರುತ್ತಿತ್ತು, ಆಮೇಲೆ ಟ್ರ್ಯಾಕ್ ಪ್ಯಾಂಟು, ಆಮೇಲೆ ಬೀಸುವ ಕೈ. ಹಾದುಹೋದವರಲ್ಲಿ ಎಷ್ಟೋ ಜನ ನನಗೆ ಗೊತ್ತಿದ್ದವರು. ಹೆಸರು ಗೊತ್ತಿರಲಿಲ್ಲ, ಬೆಳಗಿನ ನಡಿಗೆಯವರಲ್ಲಿ ಹೆಸರು ಕೇಳುವ ರೂಢಿಯಿಲ್ಲ. ದಿನಾ ಎದುರಾಗುತ್ತೇವೆ, ತಲೆಯಾಡಿಸುತ್ತೇವೆ. ಮಕ್ಕಳ ಮದುವೆಯ ಮಾತಾಡುತ್ತ ಸಾಗುವ ಜೋಡಿ ಬಂದರು. ಚಪ್ಪಾಳೆ ತಟ್ಟುತ್ತ ನಡೆಯುವ ಆಂಟಿ ಬಂದರು. ನಾನು ಮುಖವೆತ್ತಿ ನಕ್ಕೆ. ಅವರ ಕಣ್ಣು ನನ್ನ ತಲೆಯ ಮೇಲಿನಿಂದ ಹೋಗಿ ಮುರಳಿಯ ಮೇಲೆ ಒಂದು ಕ್ಷಣ ನಿಂತು, ಮುಂದೆ ಹೋಯಿತು.

ನಾನು ಅಲ್ಲಿ ಇರಲೇ ಇಲ್ಲ.

ಆಗ ಕಾಲುಗಳು ಶುರುವಾದವು.

ಕುರ್ಚಿಯ ವೇಗ ಒಂದು, ಅವುಗಳ ವೇಗ ಇನ್ನೊಂದು. ಕೆಲವು ಹೆಜ್ಜೆ ನಮ್ಮ ಜೊತೆಗೇ ನಡೆದವು. ಆಮೇಲೆ ಮುಂದೆ ಹೋದವು. "ಸ್ವಲ್ಪ ಬೇಗ ತಳ್ಳು," ಅಂದೆ. ಮುರಳಿ ಬೇಗ ತಳ್ಳಿದ. "ಇನ್ನೂ ಬೇಗ."

"ಯಾಕೆ ವಸು? ಯಾರಾದ್ರೂ ಕಾಯ್ತಿದಾರಾ?"

ನೆಲ ಓರೆಯಾಗತೊಡಗಿತು. ಬಂಡೆಯ ಬುಡಕ್ಕೆ ಬಂದಿದ್ದೆವು. ಕುರ್ಚಿ ಅಲ್ಲಿಗೆ ನಿಂತಿತು. ಕಾಲುಗಳು ನಿಲ್ಲಲಿಲ್ಲ. ನಾನು ಕೆಳಗೆ ಕೂತಿರುವಾಗಲೇ ನನ್ನ ಮೀನಖಂಡ ಬಿಗಿಯಿತು, ಮುಂಗಾಲು ಕಲ್ಲನ್ನು ಒತ್ತಿತು. ಅವು ನನ್ನನ್ನು ಬಿಟ್ಟು ಹತ್ತುತ್ತಿದ್ದವು. ಎದುರಿನ ಕಪ್ಪು ಬಂಡೆ ಅರ್ಧದವರೆಗೆ ಕಾಣುತ್ತಿತ್ತು, ಮೇಲೆ ಬರೀ ಬಿಳುಪು.

"ಫ್ಲಾಸ್ಕ್ ಕಾರಲ್ಲೇ ಬಿಟ್ಟೆ," ಅಂದ ಮುರಳಿ. ಬ್ರೇಕ್ ಹಾಕಿದ, ಗಾಲಿ ಅಲುಗಿಸಿ ನೋಡಿದ. "ಈಗ ಬಂದೆ. ಇಲ್ಲೇ ಇರು." ಹೇಳಿದ ಮೇಲೆ ಆ ಕೊನೆಯ ಮಾತಿಗೆ ಅವನಿಗೇ ಕಸಿವಿಸಿಯಾಯಿತು. ಬೇಗ ಬೇಗ ಹೋದ.

ಪಕ್ಕದಲ್ಲಿ ಒಂದು ಕಲ್ಲುಬೆಂಚು. ಅದರ ಮೇಲೆ ಒಬ್ಬರು ಬಂದು ಕೂತರು. ಗುರುತು ಹಿಡಿದೆ. ಮಳೆಗಾಲದಲ್ಲೂ ಬಿಡದೆ ಕಂದು ಮಫ್ಲರ್ ಸುತ್ತಿಕೊಂಡು ಬರುವ ಅಂಕಲ್. ಎಪ್ಪತ್ತು ದಾಟಿದವರು. ಕೂತದ್ದರಿಂದ ಅವರ ಮುಖ ನನ್ನ ಮುಖದ ಎತ್ತರಕ್ಕೆ ಬಂತು. ಅವತ್ತು ನನ್ನನ್ನು ನೇರವಾಗಿ ನೋಡಿದ ಮೊದಲಿಗರು ಅವರು. ಅವರಿಗೆ ನನ್ನ ಗುರುತು ಮಾತ್ರ ಸಿಗಲಿಲ್ಲ.

"ಹೊಸಬರಾ ಮೇಡಂ? ಈ ಕಡೆ ನೋಡಿರ್ಲಿಲ್ಲ ನಿಮ್ಮನ್ನ."

"ಇವತ್ತೇ ಬಂದೆ."

"ಒಳ್ಳೇದು. ಬರ್ತಾ ಇರಿ. ನಮ್ದೊಂದು ಗುಂಪಿದೆ, ಬಿಸಿಲು ಬಂದ್ಮೇಲೆ ಗೋಪುರದ ಹತ್ರ ಸೇರ್ತೀವಿ. ನಂಗೀಗ ಮಂಡಿ ನೋವು, ನಿಧಾನವಾಗಿ ಹೋಗ್ತೀನಿ." ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ಒಬ್ರು ಮೇಡಂ ಬರ್ತಿದ್ರು ಇಲ್ಲಿಗೆ. ಕೆಂಪು ಸ್ವೆಟರ್ ಹಾಕ್ಕೊಂಡು. ಈ ಬಂಡೇನ ಒಂದೇ ಉಸಿರಿಗೆ ಹತ್ತೋರು. ನಾವೆಲ್ಲ ಅವರನ್ನ ನೋಡಿ ಹುರುಪು ತಗೊಳ್ತಿದ್ವಿ."

ಕೆಂಪು ಸ್ವೆಟರ್ ನನ್ನದು.

"ಈಗ ಬರಲ್ವಾ?" ಎಂದು ಕೇಳಿದೆ.

"ಹೋಗ್ಬಿಟ್ರು ಪಾಪ."

ಮಂಜು ಕಿವಿಯೊಳಗೆ ಹೊಕ್ಕ ಹಾಗಾಯಿತು. ಮೇಲೆ ನನ್ನ ಕಾಲುಗಳು ಒಂದೇ ಸಮನೆ ಹತ್ತುತ್ತಿದ್ದವು.

"ಹೋದ್ರು ಅಂದ್ರೆ?"

"ತೀರ್ಕೊಂಡ್ರು. ನಮ್ಮ ಗುಂಪಿನೋರೊಬ್ರ ಮನೆ ಯಡಿಯೂರ ಕಡೆ. ಈ ಮೇಡಂ ಬರೋ ಬಿಲ್ಡಿಂಗ್ ಮುಂದೆ ಆಂಬುಲೆನ್ಸ್ ನೋಡಿದ್ರಂತೆ. ಮಾರನೇ ದಿನ ವಾಚ್‌ಮನ್‌ನ ಕೇಳಿದಾರೆ. ಮೇಡಂ ಹೋದ್ರು ಸಾರ್ ಅಂದನಂತೆ. ಇನ್ನೇನ್ ಕೇಳೋದು. ಹೆಸರೂ ಗೊತ್ತಿಲ್ಲ ನಮಗೆ, ಮನೆಯವರನ್ನ ಹೋಗಿ ಮಾತಾಡ್ಸೋಣ ಅಂದ್ರೆ. ಮೇಲೆ ಹೋಗಿ ಎಲ್ರೂ ಎರಡು ನಿಮಿಷ ಮೌನವಾಗಿ ನಿಂತ್ವಿ. ಅಷ್ಟೇ ಮಾಡಕ್ಕಾಗಿದ್ದು."

ಅವರನ್ನು ತಡೆದು ನಿಜ ಹೇಳಬೇಕಿತ್ತು. ತಮ್ಮ ಸಾವಿನ ಸುದ್ದಿ ಕೇಳುತ್ತಿರುವವರಿಗೆ ಮೊದಲು ಆಗುವುದು ಬೇಸರವಲ್ಲ, ಅನುಮಾನ. ವಾಚ್‌ಮನ್ ಟೋಪಿ ತೆಗೆದು ನಿಂತದ್ದು ಕಣ್ಣ ಮುಂದೆ ಬಂತು. ಹಾದುಹೋದವರು ಯಾರೂ ನನ್ನನ್ನು ನೋಡದೇ ಇದ್ದದ್ದು ನೆನಪಾಯಿತು. ಇವರೇ ಸರಿ ಇರಬಹುದಾ ಎಂದು ಒಂದು ಕ್ಷಣ ಅನಿಸಿತು. ಶಾಲಿನೊಳಗೆ ಕೈಯಿಂದ ಕೈ ಚಿವುಟಿಕೊಂಡೆ.

ಅಂಕಲ್ ದನಿ ತಗ್ಗಿಸಿದರು.

"ಒಂದ್ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಬೇರೆಯೋರಿಗೆ ಹೇಳಿದ್ರೆ ನಗ್ತಾರೆ. ಮಂಜು ಇದ್ದ ದಿನ ಅವರು ಕಾಣ್ತಾರೆ ನಂಗೆ."

"ಎಲ್ಲಿ?"

"ಇಲ್ಲೇ, ಬಂಡೆ ಮೇಲೆ. ಮುಂದೆ ಹತ್ತಿ ಹೋಗ್ತಾ ಇರ್ತಾರೆ. ಒಂದು ಕೈ ಬೆನ್ನ ಹಿಂದೆ ಇಟ್ಕೊಂಡು, ಮೊದ್ಲು ಹೋಗ್ತಿದ್ರಲ್ಲ, ಹಾಗೇ. ತಿರುಗಿ ನೋಡಲ್ಲ. ಮಗನಿಗೆ ಹೇಳಿದೆ. ಕಣ್ಣಿನ ಪೊರೆ, ಆಪರೇಷನ್ ಮಾಡಿಸ್ಕೋ ಅಂದ. ಇರಬಹುದು. ಪೊರೆ ಇದೆ."

ನನ್ನ ಕಾಲುಗಳು ತುದಿಯನ್ನು ಮುಟ್ಟಿದವು. ಏರು ಮುಗಿದು ಪಾದ ಸಮನಾಯಿತು.

ಅಂಕಲ್ ಬೆಂಚಿನಿಂದ ಅರ್ಧ ಎದ್ದರು.

"ನೋಡಿ. ಅಲ್ಲಿ."

ನೋಡಿದೆ. ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ. ಮೇಲೆ ಮಂಜು ಸ್ವಲ್ಪ ಹರಿದಿತ್ತು. ಗೋಪುರದ ಪಕ್ಕದಲ್ಲಿ ಯಾರೋ ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿದ್ದರು. ಮೈಮೇಲೆ ಏನೋ ಕೆಂಪಗಿತ್ತು. ಬೆಂಗಳೂರಿನಲ್ಲಿ ಕೆಂಪು ಸ್ವೆಟರ್ ಎಷ್ಟು ಜನರ ಹತ್ತಿರ ಇರುವುದಿಲ್ಲ. ಆಕೆಯ ಒಂದು ಕೈ ಬೆನ್ನ ಹಿಂದೆ ಇತ್ತು. ಹಾಗೆ ನಿಲ್ಲುವವರೂ ಬೇಕಾದಷ್ಟು ಜನ ಇರುತ್ತಾರೆ. ಆಕೆ ಕಾಲು ಬದಲಿಸಿ, ಭಾರವನ್ನು ಎಡದಿಂದ ಬಲಕ್ಕೆ ಹಾಕಿದರು.

ಆ ಭಾರ ನನಗೆ ಗೊತ್ತಾಯಿತು. ಎಡ ಅಂಗಾಲಿನಿಂದ ಬಲ ಅಂಗಾಲಿಗೆ.

ಆಮೇಲೆ ಆಕೆ ಗೋಪುರದ ಆಚೆ ಬದಿಗೆ ನಡೆದರು. ಮಂಜು ಮುಚ್ಚಿತು. ನನ್ನ ಸೊಂಟದಿಂದ ಕೆಳಗೆ ಎಲ್ಲವೂ ಒಮ್ಮೆಗೇ ಸುಮ್ಮನಾಯಿತು. ಕರೆಂಟು ಹೋದಾಗ ಫ್ರಿಜ್ಜಿನ ಸದ್ದು ನಿಲ್ಲುತ್ತದಲ್ಲ, ಅಲ್ಲಿಯವರೆಗೆ ಅದು ಸದ್ದು ಮಾಡುತ್ತಿತ್ತು ಎಂದೇ ತಿಳಿದಿರುವುದಿಲ್ಲವಲ್ಲ, ಹಾಗೆ.

"ಅಂಕಲ್," ಅಂದೆ. ನನ್ನ ದನಿ ಎಲ್ಲಿಂದಲೋ ಬಂದ ಹಾಗಿತ್ತು. "ಆ ಕೆಂಪು ಸ್ವೆಟರಿನ ಮೇಡಂ ನಾನೇ. ನಾನು ಸತ್ತಿಲ್ಲ. ಕಾಲು ಹೋಯ್ತು, ಅಷ್ಟೇ. ಆಸ್ಪತ್ರೆಗೆ ಹೋಗಿದ್ದೆ."

ಅವರು ತಿರುಗಿ ನೋಡಿದರು. ಊದಿದ ಮುಖ, ಕತ್ತರಿಸಿದ ಕೂದಲು, ಕುರ್ಚಿ, ಮತ್ತೆ ಮುಖ. ಮಫ್ಲರನ್ನು ಕೆಳಗೆ ಎಳೆದುಕೊಂಡರು. ನಂಬಲು ಅವರಿಗೆ ಮನಸ್ಸಿರಲಿಲ್ಲ, ಅದು ತಪ್ಪಲ್ಲ.

"ಹೋದ ವರ್ಷ ನೀವು ಇಳಿಯುವಾಗ ಜಾರಿದ್ರಿ," ಎಂದೆ. "ಕನ್ನಡಕ ಬಿತ್ತು. ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ತೆಗೆದುಕೊಟ್ಟೆ. ಮನೆಯಲ್ಲಿ ಹೇಳಬೇಡಿ ಮತ್ತೆ ಅಂತ ತಮಾಷೆ ಮಾಡಿದ್ರಿ, ನನಗೆ ನಿಮ್ಮ ಮನೆ ಎಲ್ಲಿ ಅಂತಾನೇ ಗೊತ್ತಿರಲಿಲ್ಲ."

ಅವರು ನನ್ನ ಕಡೆಗೆ ಕೈ ಚಾಚಿದರು.

"ಮುಟ್ಟಿ ನೋಡ್ಲಾ ತಾಯಿ?"

ನಾನು ಕೈ ಕೊಟ್ಟೆ. ಹಿಡಿದುಕೊಂಡರು. ಹಿಡಿದುಕೊಂಡೇ ಇದ್ದರು. ಬಿಸಿ ಇತ್ತು, ಇಬ್ಬರದೂ.

"ಹಾಗಾದ್ರೆ," ಎಂದರು, ಮೇಲೆ ನೋಡುತ್ತ, "ಅವರ್ಯಾರು?"

ಇಬ್ಬರೂ ಕಾದೆವು. ಯಾರೂ ಇಳಿದು ಬರಲಿಲ್ಲ. ಮುರಳಿ ಫ್ಲಾಸ್ಕ್ ಹಿಡಿದು ಬಂದ. ಅಪರಿಚಿತ ಮುದುಕರೊಬ್ಬರು ತನ್ನ ಹೆಂಡತಿಯ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿರುವುದನ್ನು ನೋಡಿ ಬೆಚ್ಚಿದ. ಏನಾಯಿತೆಂದು ನಾನೇ ಎಲ್ಲ ಹೇಳಿದೆ. ಇಷ್ಟು ದಿನ ಮುಚ್ಚಿಟ್ಟಿದ್ದನ್ನೂ ಹೇಳಿದೆ, ಇಲ್ಲಿಗೆ ಯಾಕೆ ಬಂದೆನೆಂಬುದನ್ನೂ. ಅವನು ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಮೊದಲು ಅಂಕಲ್‌ಗೆ ಕೊಟ್ಟ. ಆಮೇಲೆ ಬಂಡೆ ಹತ್ತಿ ಹೋಗಿ ಗೋಪುರದ ಸುತ್ತ ನೋಡಿಕೊಂಡು ಬಂದ. ಅವನು ಅದನ್ನು ಮಾಡಿದನಲ್ಲ, ಆ ಒಂದು ಕೆಲಸಕ್ಕೆ ನಾನು ಜೀವನವಿಡೀ ಋಣಿ.

"ಮೇಲೆ ಯಾರೂ ಇಲ್ಲ," ಅಂದ. "ಆ ಕಡೆಯಿಂದ ಇಳಿದು ಹೋಗಿರ್ತಾರೆ."

ಮನೆಗೆ ಬಂದು ಬೀರುವಿನಿಂದ ನನ್ನ ಸ್ವೆಟರ್ ತೆಗೆಸಿದೆ. ಮಡಚಿಟ್ಟ ಹಾಗೇ ಇತ್ತು. ಒಣಗಿತ್ತು. ನುಸಿಗುಳಿಗೆಯ ವಾಸನೆ. ಅದರಲ್ಲಿ ಏನು ಸಿಗಬೇಕೆಂದು ಹುಡುಕಿದೆನೋ ನನಗೆ ಗೊತ್ತಿಲ್ಲ.

ಮಾರನೆಯ ದಿನ ಬೆಳಕಾಗುವ ಮೊದಲೇ ಎಚ್ಚರವಾಗಿ ಕಾದೆ. ಕಾಲುಗಳು ಹೊರಡಲಿಲ್ಲ. ಅದರ ಮರುದಿನವೂ ಇಲ್ಲ. ಅವು ಮತ್ತೆ ಎಂದೂ ನಡೆಯಲಿಲ್ಲ.

ಆಗ ಅತ್ತೆ. ಆಸ್ಪತ್ರೆಯಲ್ಲಿ ಅಳದೇ ಉಳಿದಿದ್ದದ್ದೆಲ್ಲ ಸೇರಿಸಿ, ದಿನಗಟ್ಟಲೆ. ಮುರಳಿ ಸಮಾಧಾನ ಮಾಡಲು ಬರಲಿಲ್ಲ. ಪಕ್ಕದಲ್ಲಿ ಮಲಗಿ ತಾನೂ ಅತ್ತ. ಸಂಗೀತಾ ಬಂದವಳು ಬಾಗಿಲಲ್ಲೇ ನಿಂತು ನೋಡಿ, ಅಡಿಗೆಮನೆಗೆ ಹೋಗಿ, ಮೂರು ಲೋಟ ಟೀ ಮಾಡಿಕೊಂಡು ಬಂದಳು.

"ಅಳ್ರಿ ಮೇಡಂ," ಎಂದಳು. "ಆದ್ರ ಟೀ ಆರಬಾರದು."

ಟೀ ಕುಡಿದ ಮೇಲೆ ಆ ಕುರ್ಚಿ ತನ್ನಿ ಎಂದು ಸಂಗೀತಾಗೆ ಹೇಳಿದೆ.

ಮಂಚದಿಂದ ಕುರ್ಚಿಗೆ ಸರಿಯುವುದು ಸುಲಭವಲ್ಲ. ಸ್ಲೈಡಿಂಗ್ ಬೋರ್ಡ್ ಎಂಬ ನುಣುಪು ಹಲಗೆಯನ್ನು ತೊಡೆಯ ಕೆಳಗೆ ತೂರಿಸಿ, ಎರಡೂ ಕೈಯೂರಿ, ದೇಹವನ್ನು ಅಕ್ಕಿಮೂಟೆಯಂತೆ ಎಳೆದುಕೊಳ್ಳಬೇಕು. ಎಷ್ಟೋ ಸಲ ಬಿದ್ದೆ. ಮೊಣಕೈ ಕಪ್ಪಾಯಿತು. ಈಗ ಬರುತ್ತದೆ. ಕ್ಯಾಥೆಟರನ್ನು ನಾನೇ ಹಾಕಿಕೊಳ್ಳಲು ಕಲಿತೆ. ಕಾಲೇಜಿನಲ್ಲಿ ಕೆಳಗಿನ ಮಹಡಿಯ ಕ್ಲಾಸ್‌ರೂಮಿನಲ್ಲಿ ಬೋರ್ಡನ್ನು ಇಳಿಸಿ ಹಾಕಿದ್ದಾರೆ. ಮೊದಲ ದಿನ ಹಿಂದಿನ ಬೆಂಚಿನವರು ಕಾಣಿಸದೆ, ಅವರಿಗೇ ಮುಂದೆ ಬನ್ನಿ ಎಂದೆ. ನನ್ನ ಇಡೀ ಸರ್ವೀಸಿನಲ್ಲಿ ಹಿಂದಿನ ಬೆಂಚಿನವರು ಮುಂದೆ ಬಂದದ್ದು ಅದೇ ಮೊದಲು.

ಡಾಕ್ಟರ ಬಳಿ ಹೋದಾಗ ನಡಿಗೆ ನಿಂತುಹೋದ ವಿಷಯ ಹೇಳಿದೆ. ಬಂಡೆಯ ಮೇಲೆ ಕಂಡದ್ದನ್ನೂ ಹೇಳಿದೆ. ಅವರು ಸುತ್ತಿಗೆಯಿಂದ ಮಂಡಿ ತಟ್ಟಿ, ಪಿನ್ನಿನಿಂದ ಚುಚ್ಚಿ ನೋಡಿದರು. ಬಲತೊಡೆಯ ಹೊರಭಾಗದಲ್ಲಿ ಒಂದು ಕಡೆ, ಚುಚ್ಚಿದ್ದಲ್ಲ, ಏನೋ ಒತ್ತಿದ ಹಾಗೆ ತಿಳಿಯಿತು.

"ಇದು ಮಾತ್ರ ನಿಮ್ಮ ಕಾಲಿಂದ ಬಂದ ಸುದ್ದಿ ಮೇಡಂ," ಎಂದರು. "ಚಿಕ್ಕದು. ಇನ್ನೂ ಬರುತ್ತೆ ಅಂತ ಹೇಳಲ್ಲ. ಬರಲ್ಲ ಅಂತಾನೂ ಹೇಳಲ್ಲ."

"ಬಂಡೆ ಮೇಲೆ ಇದ್ದದ್ದು?"

ಅವರು ಪಿನ್ನನ್ನು ಡಬ್ಬಿಗೆ ಹಾಕಿದರು. "ಅದು ನನ್ನ ಸಬ್ಜೆಕ್ಟ್ ಅಲ್ಲ."

ಈಗ ಭಾನುವಾರ ಭಾನುವಾರ ಲಾಲ್‌ಬಾಗಿಗೆ ಹೋಗುತ್ತೇವೆ. ಮಫ್ಲರ್ ಅಂಕಲ್‌ ಹೆಸರು ಪದ್ಮನಾಭ ಅಂತ. ಅವರು ಗುಂಪಿನವರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಮೊದಲ ಭಾನುವಾರ ಎಲ್ಲರೂ ಬಂಡೆಯಿಂದ ಕೆಳಗಿಳಿದು ಬಂದು ನನ್ನ ಸುತ್ತ ನಿಂತರು. ಏನು ಮಾತಾಡುವುದೆಂದು ಯಾರಿಗೂ ತೋಚಲಿಲ್ಲ. ಸತ್ತವಳನ್ನು ಆರೋಗ್ಯ ಹೇಗಿದೆ ಅಂತ ಕೇಳುವುದು ಹೇಗೆ? ಕೊನೆಗೆ ಚಪ್ಪಾಳೆ ತಟ್ಟುವ ಆಂಟಿ, "ನಿಮಗೋಸ್ಕರ ಮೌನ ಮಾಡ್ದಾಗ ನನ್ನ ಫೋನ್ ರಿಂಗ್ ಆಗ್ಬಿಡ್ತು, ಕ್ಷಮಿಸಿ," ಎಂದರು. ಅದಕ್ಕೆ ಎಲ್ಲರೂ ನಕ್ಕರು. ಎಲ್ಲರೂ ತಮ್ಮ ತಮ್ಮ ಹೆಸರು ಹೇಳಿದರು.

ಕಳೆದ ವಾರ ಪದ್ಮನಾಭ ಅಂಕಲ್, ಸ್ವಲ್ಪ ದೂರ ನಾನು ಕುರ್ಚಿ ತಳ್ಳಲಾ ಎಂದು ಮುರಳಿಯನ್ನು ಕೇಳಿದರು. ಮುರಳಿ ಅನುಮಾನದಿಂದಲೇ ಬಿಟ್ಟುಕೊಟ್ಟ. ತೆಳುವಾಗಿ ಮಂಜಿತ್ತು. ಅವರು ತಳ್ಳುವ ರೀತಿ ಅಂಕುಡೊಂಕು, ಒಂದು ಗಾಲಿ ಹುಲ್ಲಿಗೆ ಇಳಿಯಿತು, ನಾನೇ ಕೈಯಿಂದ ತಿರುಗಿಸಿಕೊಂಡೆ.

"ಆಮೇಲೆ ಯಾವತ್ತಾದ್ರೂ ಕಂಡ್ರಾ ಅಂಕಲ್, ಅವರು?"

ಅವರು ಗಾಲಿಯನ್ನು ಹುಲ್ಲಿನಿಂದ ದೂರ ಸರಿಸಿದರು. "ಒಂದ್ಸಲ ಕಂಡಂಗಾಯ್ತು. ನಾನು ತಿರುಗಿ ಈ ಕಡೆ ಬಂದ್ಬಿಟ್ಟೆ. ಅವರ ಪಾಡಿಗೆ ಅವರು ನಡೀಲಿ ಅಂತ."

ನನಗೂ ಹಾಗೇ ಅನಿಸಿತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳ ಮೇಲೆ ಹೊಟ್ಟೆಕಿಚ್ಚಿರಲಿಲ್ಲ.

ದಾರಿ ಕವಲೊಡೆಯುವಲ್ಲಿ ಅಂಕಲ್ ಕುರ್ಚಿ ನಿಲ್ಲಿಸಿದರು. ಒಂದು ದಾರಿ ಬಂಡೆಯ ಕಡೆಗೆ, ಇನ್ನೊಂದು ಕೆರೆಯ ಕಡೆಗೆ.

"ಯಾವ ಕಡೆ ಹೋಗೋಣ?"

ಇಷ್ಟು ವರ್ಷ ಲಾಲ್‌ಬಾಗಿಗೆ ಬಂದು, ಬೆಳಗಿನ ಹೊತ್ತಿನಲ್ಲಿ ಕೆರೆ ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ. ಬಂಡೆ ಹತ್ತಿ ಇಳಿಯುವುದರಲ್ಲೇ ಹೊತ್ತಾಗುತ್ತಿತ್ತು. ಕೆರೆಯ ಕಡೆಗೆ ಇಳಿಜಾರಿದೆ, ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ಹೋಗಬೇಕು ಎಂದು ಮುರಳಿ ಹಿಂದಿನಿಂದ ಕೂಗಿ ಹೇಳಿದ.

ಬ್ರೇಕಿನ ಮೇಲೆ ಕೈಯಿಟ್ಟುಕೊಂಡೆ. ಇಳಿದೆವು. ನೀರಿನ ಮೇಲೆ ಮಂಜು ಇನ್ನೂ ಇತ್ತು, ಒಳಗೆಲ್ಲೋ ಹಕ್ಕಿಗಳು ನೀರು ಬಡಿಯುವ ಸದ್ದು ಕೇಳುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ. ಮೂವರೂ ಅಲ್ಲಿ ಕಾದೆವು, ಬಿಸಿಲು ಬಂದು ಅವು ಕಾಣುವವರೆಗೆ.